ಮನೆ ಬಿಡದ ಅಕ್ಷರದ ವಿಳಾಸಗಳು

ಸಿಕಲ್ ಸೆಲ್ ರಕ್ತಹೀನತೆಗೆ ಕಾರಣ ಡಿಎನ್‌ಎಯ ಒಂದೇ ಒಂದು ಅಕ್ಷರ. ಸುಮಾರು ಮುನ್ನೂರು ಕೋಟಿ ಅಕ್ಷರಗಳ ಜೀನೋಮಿನಲ್ಲಿ, ಹಿಮೋಗ್ಲೋಬಿನ್ನಿನ ಒಂದು ಸರಪಳಿಯನ್ನು ರೂಪಿಸುವ ಎಚ್‌ಬಿಬಿ ಎಂಬ ಜೀನಿನೊಳಗೆ, ಎ ಇರಬೇಕಾದಲ್ಲಿ ಟಿ ಬಂದು ಕೂತಿರುತ್ತದೆ. ರೋಗಿಯ ದೇಹಕ್ಕೆ ಈ ವಿಷಯದಲ್ಲಿ ಯಾವ ಸಂಶಯವೂ ಇಲ್ಲ. ಸಂಶಯವೆಲ್ಲ ಅದನ್ನು ಕಡತದಲ್ಲಿ ಬರೆದಿಡಲು ಹೊರಟ ನಮ್ಮದು.

ಮೊದಲಿಗೆ ಆ ಅಕ್ಷರ ಯಾವುದೆಂಬುದೇ ಇತ್ಯರ್ಥವಾಗಿಲ್ಲ. ಡಿಎನ್‌ಎಯ ಎರಡು ಎಳೆಗಳಲ್ಲಿ ಎ ಎದುರಿಗೆ ಟಿ ಕೂರುತ್ತದೆ; ಈ ಜೀನ್ 11ನೆಯ ವರ್ಣತಂತುವಿನ ಹಿಮ್ಮುಖ ಎಳೆಯಲ್ಲಿದೆ, ಕಡತಗಳು ಬರೆಯುವುದು ಮುಮ್ಮುಖ ಎಳೆಯನ್ನು. ಹಾಗಾಗಿ ಜೀನಿನ ವಿವರಣೆ ‘ಎ ಹೋಗಿ ಟಿ ಬಂತು’ ಎಂದರೆ, ಜೀನೋಮಿನ ವ್ಯತ್ಯಾಸಗಳನ್ನು ಪಟ್ಟಿಮಾಡುವ ವಿಸಿಎಫ್ ಕಡತವು ‘ಟಿ ಹೋಗಿ ಎ ಬಂತು’ ಎನ್ನುತ್ತದೆ, ಮತ್ತು ಇಬ್ಬರೂ ಸತ್ಯವನ್ನೇ ಹೇಳುತ್ತಿರುತ್ತಾರೆ. ಅದರ ಸ್ಥಾನ, ಎಲ್ಲರೂ ಅಳತೆಗೋಲಾಗಿ ಬಳಸುವ ಉಲ್ಲೇಖ ಜೀನೋಮಿನ 2009ರ ಆವೃತ್ತಿಯಲ್ಲಿ 5248232. 2013ರ ಆವೃತ್ತಿಯಲ್ಲಿ 5227002. ಕೂತಲ್ಲಿಂದ ಅಲುಗದೆ 21,230 ಮನೆ ಹಿಂದೆ ಸರಿದ ಈ ಸಾಧನೆ ಯೋಗಿಗಳಿಗೂ ಸುಲಭವಲ್ಲ. ಇನ್ನು ಜೀನೋಮಿನ ಭಾಗಗಳ ಶುರು-ಕೊನೆಗಳನ್ನು ಬರೆದಿಡುವ ಬೆಡ್ ಕಡತದವರು ಸೊನ್ನೆಯಿಂದ ಎಣಿಸುವುದರಿಂದ ಅವರಿಗೆ ಅದು 5227001ರಲ್ಲಿ ಶುರುವಾಗುತ್ತದೆ. ಓದಿದ ಡಿಎನ್‌ಎ ತುಣುಕುಗಳು ಜೀನೋಮಿನಲ್ಲಿ ಎಲ್ಲಿ ಕೂರುತ್ತವೆಂದು ಬರೆಯುವ ಸ್ಯಾಮ್ ಎಂಬ ಪಠ್ಯಕಡತ ಒಂದರಿಂದ ಎಣಿಸಿದರೆ, ಅದೇ ಮಾಹಿತಿಯನ್ನು ಅಡಕವಾಗಿ ಕಟ್ಟಿಟ್ಟ ಬ್ಯಾಮ್ ಸೊನ್ನೆಯಿಂದ ಎಣಿಸುತ್ತದೆ; ಗಂಟು ಕಟ್ಟುವಾಗ ಒಂದು ಸಂಖ್ಯೆ ಉದುರಿತೆಂದು ಭಾವಿಸಿ ಸುಮ್ಮನಿರಬೇಕು.

ಪ್ರೋಟೀನಿನ ಮಟ್ಟಕ್ಕೆ ಹೋದರೆ ಜಗಳ ಇನ್ನೂ ಹಳೆಯದು. 1950ರ ದಶಕದಲ್ಲಿ ಈ ದೋಷವನ್ನು ಹುಡುಕಿದವರು ಕಣ್ಣೆದುರಿದ್ದ ಪ್ರೋಟೀನನ್ನು ಎಣಿಸಿ ಅದು ಆರನೆಯ ಅಮೈನೋ ಆಮ್ಲದಲ್ಲಿದೆ ಎಂದರು. ಜೀನಿನ ಬದಲಾವಣೆಗಳಿಗೆ ಹೆಸರಿಡುವ ಎಚ್‌ಜಿವಿಎಸ್ ನಿಯಮದ ಪ್ರಕಾರ ಅದು ಏಳನೆಯದು, ಏಕೆಂದರೆ ಆರಂಭದ ಮೆಥಿಯೋನಿನ್ ಎಂಬ ಅಮೈನೋ ಆಮ್ಲವನ್ನೂ ಎಣಿಸಬೇಕು. ಆ ಮೆಥಿಯೋನಿನ್ ಪ್ರೋಟೀನ್ ಸಿದ್ಧವಾಗುವಾಗಲೇ ಕತ್ತರಿಸಿ ಹೋಗಿರುತ್ತದೆ ಎಂಬ ಆಕ್ಷೇಪಣೆಗೆ ನಿಯಮದಲ್ಲಿ ಅವಕಾಶವಿಲ್ಲ: ಮನೆ ಬಿಟ್ಟು ಹೋದವರ ಹೆಸರೂ ಪಟ್ಟಿಯಲ್ಲಿ ಉಳಿಯಲೇಬೇಕು.

ಬದಲಾದ ಅಕ್ಷರದ ಪಾಡೇ ಇದಾದರೆ, ಕಳೆದುಹೋದ ಅಕ್ಷರಗಳದ್ದು ಕೇಳುವುದೇ ಬೇಡ. ಸಿಎ ಸಿಎ ಸಿಎ ಎಂದು ಸಾಗುವ ಸಾಲಿನಲ್ಲಿ ಒಂದು ಸಿಎ ಬಿದ್ದುಹೋದರೆ ಯಾವುದು ಬಿದ್ದಿತೆಂದು ಹೇಳುವ ದಾರಿಯಿಲ್ಲ. ವಿಸಿಎಫ್ ಬಳಸುವವರು ಸಂಪ್ರದಾಯದಂತೆ ತೀರಾ ಎಡದ್ದೆನ್ನುತ್ತಾರೆ. ಎಚ್‌ಜಿವಿಎಸ್ ಜೀನ್ ಓದುವ ದಿಕ್ಕಿನಲ್ಲಿ ತೀರಾ ಬಲದ್ದೆನ್ನುತ್ತದೆ. ಜೀನ್ ಹಿಮ್ಮುಖವಾಗಿದ್ದರೆ ಎಚ್‌ಜಿವಿಎಸ್‌ನ ಬಲವೇ ವಿಸಿಎಫ್‌ನ ಎಡವಾಗಿ ಇಬ್ಬರೂ ಅಪ್ಪಿತಪ್ಪಿ ಒಪ್ಪಿಬಿಡುವುದೂ ಉಂಟು.

ಇಷ್ಟೆಲ್ಲ ಸರಿಪಡಿಸಿ ಪಟ್ಟಿಯನ್ನು ಎಕ್ಸೆಲ್‌ಗೆ ಹಾಕಿದರೆ, ಮಾರ್ಚ್1 ಎಂಬ ಜೀನನ್ನು ಅದು ಮಾರ್ಚ್ ಒಂದನೆಯ ತಾರೀಖು ಮಾಡಿಬಿಡುತ್ತಿತ್ತು. ಎಕ್ಸೆಲ್‌ನಲ್ಲಿ ಜೀನ್ ಪಟ್ಟಿಗಳನ್ನು ಲಗತ್ತಿಸಿದ ಪ್ರಬಂಧಗಳಲ್ಲಿ ಸುಮಾರು ಐದನೆಯ ಒಂದು ಭಾಗದಲ್ಲಿ ಇಂಥ ತಪ್ಪುಗಳಿವೆ ಎಂದು 2016ರ ಒಂದು ಸಮೀಕ್ಷೆ ತೋರಿಸಿತು. ತಂತ್ರಾಂಶವನ್ನು ತಿದ್ದುವುದು ಕಷ್ಟವೆಂದು ಕಂಡು, ಮಾನವ ಜೀನುಗಳಿಗೆ ಹೆಸರಿಡುವ ಸಮಿತಿ 2020ರಲ್ಲಿ ಜೀನನ್ನೇ ತಿದ್ದಿ ಮಾರ್ಚ್‌ಎಫ್1 ಎಂದು ಕರೆಯಿತು. ಈ ಪರಿವರ್ತನೆಯನ್ನು ನಿಲ್ಲಿಸುವ ಗುಂಡಿಯನ್ನು ಎಕ್ಸೆಲ್ ಕೊಟ್ಟದ್ದು 2023ರಲ್ಲಿ. ಆ ವೇಳೆಗೆ ಜೀನ್ ಹೆಸರು ಬದಲಿಸಿಕೊಂಡಾಗಿತ್ತು. ಹಳೆಯ ಪ್ರಬಂಧಗಳ ಕಡತಗಳಲ್ಲಿ ಮಾತ್ರ ಅದು ಇಂದಿಗೂ ಮಾರ್ಚ್ ಒಂದರಂದೇ ನಿಂತಿದೆ.