ನಂದಾದೀಪ ನಂದಿದ ದಿನ

ಮಿನ್ನೆಸೋಟದ ಜನವರಿ. ಹೊರಗೆ ಮೈನಸ್ 23 ಡಿಗ್ರಿ. ಬೆಳಗ್ಗೆ ಎದ್ದು ನೋಡಿದರೆ, ಊರಿಂದ ಬಂದಿದ್ದ ಅಮ್ಮ ಎರಡು ಸ್ವೆಟರ್, ಅದರ ಮೇಲೆ ನನ್ನ ಜಾಕೆಟ್, ಅದರ ಮೇಲೆ ಶಾಲು ಹೊದ್ದು ಅಡುಗೆಮನೆಯಲ್ಲಿ ನಿಂತಿದ್ದಳು.

"ನಿನ್ನ ಹೀಟರ್ ತಣ್ಣಗಾಗಿದೆ ಕಣೋ."

ನಮ್ಮದು ಹಳೇ ಮನೆ. ಮನೆ ಬೆಚ್ಚಗಿಡೋ ಬೇಸ್‌ಮೆಂಟಿನ ಗ್ಯಾಸ್ ಫರ್ನೇಸೂ ಹಳೇದೇ. ಹೊಸವು ಬೇಕಾದಾಗ ತಾವೇ ಹೊತ್ತಿಕೊಳ್ಳುತ್ತವೆ. ಇದರಲ್ಲಿ ಮಾತ್ರ ಪೈಲಟ್ ಲೈಟ್ ಅನ್ನೋ ಪುಟ್ಟ ಜ್ವಾಲೆ ಹಗಲೂ ರಾತ್ರಿ ಉರಿಯುತ್ತಿರಬೇಕು.

"ನಂದಾದೀಪ ಅನ್ನು" ಎಂದಳು ಅಮ್ಮ. ಅದು ಆರಿದ್ದು ಒಳ್ಳೇದಲ್ಲ ಅಂತ ಬಾಯಿಬಿಟ್ಟು ಹೇಳಲಿಲ್ಲ, ಮುಖ ಹೇಳಿತು.

ಇಬ್ಬರೂ ಕೆಳಗಿಳಿದೆವು. ಮೊದಲು ಮೂಸಿ ನೋಡಿದೆ. ಗ್ಯಾಸ್ ವಾಸನೆ ಇದ್ದರೆ ಒಂದು ಸ್ವಿಚ್ಚನ್ನೂ ಮುಟ್ಟದೆ ಮನೆ ಬಿಟ್ಟು ಹೊರಗೆ ಹೋಗಿ ಫೋನ್ ಮಾಡಬೇಕು. ಇರಲಿಲ್ಲ. ಫರ್ನೇಸಿನ ಗ್ಯಾಸ್ ಗುಬ್ಬಿಯನ್ನು (ತಿರುಗಿಸೋ ನಾಬ್) ಆಫ್‌ಗೆ ತಿರುಗಿಸಿ 5 ನಿಮಿಷ ಕಾದೆ. ಆಮೇಲೆ ಕೊರೆಯೋ ಸಿಮೆಂಟ್ ನೆಲದ ಮೇಲೆ ಬೋರಲು ಮಲಗಿದೆ. ಬಾಯಲ್ಲಿ ಟಾರ್ಚ್, ಎಡಗೈಯಲ್ಲಿ ಒತ್ತಿ ಹಿಡಿದ ಗುಬ್ಬಿ, ಬಲಗೈಯಲ್ಲಿ ಉದ್ದ ಮೂತಿಯ ಲೈಟರ್. ಈ ಯಂತ್ರ ಮಾಡಿದವನಿಗೆ ಮೂರು ಕೈ ಇದ್ದಿರಬೇಕು.

ಹೊತ್ತಿತು! ನೀಲಿ ಜ್ವಾಲೆ. ಒಂದು ನಿಮಿಷ ಒತ್ತಿ ಹಿಡಿದು ಬಿಟ್ಟೆ. ಟಪ್. ಆರಿತು. ಹೀಗೇ ನಾಲ್ಕು ಸಲ.

"ಊದುಕೊಳವೆ ಇಲ್ವಾ?" ಅಮ್ಮ ಕೇಳಿದಳು. ಆಷಾಢದ ಮಳೆಯಲ್ಲಿ ಒದ್ದೆ ಸೌದೆಗೇ ಬಚ್ಚಲೊಲೆ ಹೊತ್ತಿಸಿದ ತೀರ್ಥಹಳ್ಳಿ ಕೈ ಅದು. ಗ್ಯಾಸಿಗೆ ಊದಬಾರದಮ್ಮಾ ಅಂದರೆ ನಂಬಲಿಲ್ಲ.

ತಪ್ಪು ಥರ್ಮೋಕಪಲ್‌ನದು. ಜ್ವಾಲೆಗೆ ತುದಿ ಚಾಚಿಕೊಂಡಿರುವ ತೆಳ್ಳನೆ ತಾಮ್ರದ ಕಡ್ಡಿ. ತುದಿ ಕಾದರೆ ಸುಮಾರು 30 ಮಿಲಿವೋಲ್ಟ್ ಹುಟ್ಟುತ್ತದೆ, ಅಂದರೆ ಗಡಿಯಾರದ ಶೆಲ್ಲಿನ ಐವತ್ತರಲ್ಲೊಂದು ಪಾಲು. ಅಷ್ಟರಲ್ಲೇ ಗ್ಯಾಸಿನ ಬಾಗಿಲು ತೆರೆದಿರುತ್ತದೆ. ಅದು ಬರದಿದ್ದರೆ ಜ್ವಾಲೆ ಇಲ್ಲ ಅಂದುಕೊಂಡು ಬಾಗಿಲು ಮುಚ್ಚಿಬಿಡುತ್ತದೆ. ತುದಿಯನ್ನು ಪಾತ್ರೆ ಉಜ್ಜೋ ಸ್ಟೀಲ್ ನಾರಿನಿಂದ ತಿಕ್ಕಿದೆ. ಪ್ರಯೋಜನವಾಗಲಿಲ್ಲ.

ಅಂಗಡಿಗೆ ಓಡಿದೆ. "ಎಷ್ಟು ಉದ್ದದ್ದು? 18, 24, 36 ಇಂಚು ಇದೆ" ಎಂದ ಅಂಗಡಿಯವ. ಅಳತೆ ತಂದಿರಲಿಲ್ಲ. ಮೀನು ಹಿಡಿದವನ ಹಾಗೆ ಎರಡೂ ಕೈ ಅಗಲಿಸಿ ತೋರಿಸಿದೆ. 36 ಕೊಟ್ಟ. ಬೇಕಿದ್ದದ್ದು 24. ಮಿಕ್ಕಿದ್ದು ಈಗಲೂ ಫರ್ನೇಸಿನೊಳಗೆ ಜಿಲೇಬಿ ಥರ ಸುತ್ತಿಕೊಂಡಿದೆ.

ಹಾಕಿದೆ. ಗುಬ್ಬಿ ಬಿಟ್ಟೆ. ಪೈಲಟ್ ನಿಂತಿತು! ಗುಬ್ಬಿಯನ್ನು ಆನ್‌ಗೆ ತಿರುಗಿಸಿ, ಮೇಲೆ ಹೋಗಿ ಮನೆಗೆ ಎಷ್ಟು ಬಿಸಿ ಬೇಕೆಂದು ಹೇಳೋ ಥರ್ಮೋಸ್ಟಾಟ್ ಏರಿಸಿ ಬಂದು ದೊಡ್ಡ ಬರ್ನರಿಗಾಗಿ ಕಾದೆ. ಹತ್ತು ನಿಮಿಷ. ಸದ್ದಿಲ್ಲ. ತಂತಿ ಅಲ್ಲಾಡಿಸಿದೆ, ಫಿಲ್ಟರ್ ತೆಗೆದು ನೋಡಿದೆ, ಫರ್ನೇಸಿಗೆ ಒಂದು ಸಣ್ಣ ಒದೆಯನ್ನೂ ಕೊಟ್ಟೆ. ಕೊನೆಗೆ ಸೋತು ಮೆಕ್ಯಾನಿಕ್‌ಗೆ ಫೋನ್ ಮಾಡೋಣ ಅಂತ ಮೆಟ್ಟಿಲು ಹತ್ತಿದೆ.

ಮೇಲೆ ಗೋಡೆಯಲ್ಲಿ ಎರಡು ಸ್ವಿಚ್. ಒಂದು ಬೇಸ್‌ಮೆಂಟಿನ ಹಿಂದಿನ ಕೋಣೆಯ ದೀಪದ್ದು. ಇನ್ನೊಂದು ಫರ್ನೇಸಿನ ಕರೆಂಟಿನದು. ಎರಡೂ ಆಫ್.

"ಅಮ್ಮಾ, ಇದನ್ನ ಆರಿಸಿದ್ದು ಯಾರು?"

"ನಾನೇ. ನೀನು ಅಂಗಡಿಗೆ ಹೋದಾಗ. ಯಾರೂ ಇಲ್ಲದೆ ಸುಮ್ನೆ ಉರೀತಿತ್ತು."

ಸ್ವಿಚ್ ಹಾಕಿದೆ. ಸ್ವಲ್ಪ ಹೊತ್ತಿಗೆ ಕೆಳಗಿಂದ ಭುಸ್ ಅಂತ ಸದ್ದು ಬಂತು. ಅಮ್ಮ ಬಿಸಿಗಾಳಿಯ ಜಾಲರಿ ಮೇಲೆ ನಿಂತು, ಶಾಲು ಬಿಚ್ಚಿ, ಸೀರೆ ನೆರಿಗೆ ಸರಿಮಾಡಿಕೊಂಡಳು.

"ನೋಡು, ನೀನು ಒದ್ದಿದ್ದಕ್ಕೆ ಹೊತ್ತಿತು."