ಖೋನ್ ಮತ್ತು ಲಖೋನ್ ಖೋಲ್: ಯುನೆಸ್ಕೊಗೆ ಒಂದೇ ಕಡತ ಸಾಕೆ?

ಪರ

2018ರ ನವೆಂಬರ್‌ನಲ್ಲಿ ಮಾರಿಷಸ್‌ನಲ್ಲಿ ಸೇರಿದ್ದ ಯುನೆಸ್ಕೊದ ಅಮೂರ್ತ ಪರಂಪರೆಯ ಸಮಿತಿ ಥಾಯ್ಲೆಂಡಿನ ಖೋನ್ ಅನ್ನು ಒಂದು ಪಟ್ಟಿಗೆ, ಕಾಂಬೋಡಿಯದ ಸ್ವಾಯ್ ಅಂದೆತ್ ವಿಹಾರದ ಲಖೋನ್ ಖೋಲ್ ಅನ್ನು ಇನ್ನೊಂದಕ್ಕೆ ಸೇರಿಸಿತು. ಎರಡೂ ಕಡೆ ಮುಖವಾಡ ತೊಟ್ಟು ಕುಣಿಯುವುದು ರಾಮಕಥೆಯನ್ನೇ! ಹಾಗಿದ್ದಮೇಲೆ ಎರಡು ದೇಶಗಳೂ ಕೂಡಿ ಒಂದೇ ಅರ್ಜಿಯ ಕಡತ ಕೊಟ್ಟರೆ ಸಾಕು.

ಹಿಮ್ಮೇಳದ ಪಕ್ಕ ಕೂತು ನೋಡಿ. ಥಾಯ್ ವಾದ್ಯಮೇಳ ಪಿಫಾತ್‌ನಲ್ಲೂ ಕಾಂಬೋಡಿಯದ ಖ್ಮೇರ್ ಮೇಳ ಪಿನ್‌ಪಿಯತ್‌ನಲ್ಲೂ ಬೆತ್ತದ ಬಳೆಗೆ ಕಟ್ಟಿದ 16 ಗುಬುಟು ಜಾಗಟೆಗಳು, ವಾದಕ ನಟ್ಟನಡುವೆ. ಮುಂದೆ ದೋಣಿಯಂಥ ಪೆಟ್ಟಿಗೆಯ ಮೇಲೆ ಕೋಲಿನಿಂದ ಬಡಿಯುವ 21 ಪಟ್ಟಿಗಳ ವಾದ್ಯ: ಅವರಿಗೆ ರನಾತ್ ಏಕ್, ಇವರಿಗೆ ರೊನಿಯತ್ ಏಕ್. ಶ್ರುತಿ ಕೂಡಿಸಲು ಎರಡೂ ಕಡೆ ಪಟ್ಟಿಯ ಅಡಿಗೆ ಮೇಣ, ಸೀಸ ಬೆರೆಸಿದ ಉಂಡೆ ಮೆತ್ತುತ್ತಾರೆ. ಬಿಸಿಲಿಗೆ ಮೇಣ ಮೆತ್ತಗಾಗಿ ಉಂಡೆ ಉದುರಿತೋ, ಆ ಪಟ್ಟಿಯ ಸ್ವರ ಮೇಲೇರಿ ಇಡೀ ಮೇಳ ಅಪಸ್ವರ. ರೋಗವೂ ಒಂದೇ, ಮದ್ದೂ ಒಂದೇ. ದೇವತೆಗಳನ್ನು ಕರೆಯುವ ಮೊದಲ ರಾಗ ಅಲ್ಲಿ ಸಾಥುಕಾನ್, ಇಲ್ಲಿ ಸಾಥುಕಾರ್: ನಮ್ಮ ಸಾಧುಕಾರವೇ. ಗುರುಪೂಜೆ ಇಬ್ಬರಿಗೂ ಗುರುವಾರ.

ಪಾತ್ರಗಳೂ ನಾಲ್ಕೇ ಬಗೆ: ಗಂಡು, ಹೆಣ್ಣು, ರಕ್ಕಸ, ಕಪಿ. ರಕ್ಕಸನ ಅರೆಮಂಡಿಯಲ್ಲಿ ತೊಡೆ ಪೂರ್ತಿ ಅಗಲವಾಗದಿದ್ದರೆ ಮಂಡಿ ಮುಂದಕ್ಕೆ ಬೀಳುತ್ತದೆ, ಸೊಂಟ ಹಿಂದಕ್ಕೆ ಚಾಚುತ್ತದೆ. ಯುದ್ಧದಲ್ಲಿ ರಾಮ ಆ ತೊಡೆಯ ಮೇಲೆ ಹತ್ತಿದರೆ ಇಬ್ಬರೂ ನೆಲಕ್ಕೆ.

2015ರಲ್ಲಿ ಹಗ್ಗಜಗ್ಗಾಟಕ್ಕೆ ಕಾಂಬೋಡಿಯವೂ ಸೇರಿ ನಾಲ್ಕು ದೇಶಗಳು ಒಂದೇ ಕಡತ ಕೊಟ್ಟವು. ಹಗ್ಗಕ್ಕೆ ಆಗಿದ್ದು ರಾಮನಿಗೆ ಏಕಾಗದು? ಅರಮನೆಯ ಖೋನ್ ಬೇರೆ, ಹಳ್ಳಿಯ ಲಖೋನ್ ಖೋಲ್ ಬೇರೆ ಎನ್ನುವವರು ಜರತಾರಿ ನೋಡಿ ಮರುಳಾದವರು.

ವಿರೋಧ

ಬೇರು ಒಂದೇ ಎಂಬುದನ್ನು ಅಲ್ಲಗಳೆಯುವುದು ಕಷ್ಟ. ಜಾಗಟೆ ಎಣಿಸಿ ನಂಟಸ್ತಿಕೆ ಕುದುರಿಸುವವರ ಉತ್ಸಾಹಕ್ಕೂ ನನ್ನ ತಕರಾರಿಲ್ಲ. ಆದರೆ ಖೋನ್ ಇರುವುದು ಪ್ರಾತಿನಿಧಿಕ ಪಟ್ಟಿಯಲ್ಲಿ, ಲಖೋನ್ ಖೋಲ್ ಇರುವುದು ತುರ್ತು ರಕ್ಷಣೆಯ ಪಟ್ಟಿಯಲ್ಲಿ. ಬ್ಯಾಂಕಾಕಿನಲ್ಲಿ ಕಲಿಸಲು ಸರ್ಕಾರಿ ವಿದ್ಯಾಲಯಗಳಿವೆ. ಕಾಂಬೋಡಿಯದ ರಾಜಧಾನಿ ನಾಮ್ ಪೆನ್ಹ್‌ನಿಂದ ಸುಮಾರು 10 ಕಿಲೋಮೀಟರ್ ದೂರದ ಸ್ವಾಯ್ ಅಂದೆತ್‌ನಲ್ಲಿ ಕುಣಿಯುವವರು ಊರಿನವರೇ. 1970ರಿಂದ 1984ರವರೆಗೆ ಕಲಿಕೆ ಹೆಚ್ಚುಕಡಿಮೆ ನಿಂತೇ ಹೋಗಿತ್ತು. ಈಗ ಜನ ಕೂಲಿ ಅರಸಿ ಊರು ಬಿಡುತ್ತಿದ್ದಾರೆ. ಜಂಟಿ ಕಡತದಲ್ಲಿ ಈ ತುರ್ತು ಯಾರಿಗೆ ಕಂಡೀತು?

ಅಲ್ಲಿ ಆಟ ವರ್ಷಕ್ಕೊಮ್ಮೆ, ಖ್ಮೇರ್ ಹೊಸ ವರ್ಷ ಕಳೆದ ಮೇಲೆ, ಭತ್ತದ ಬೇಸಾಯದ ಲೆಕ್ಕಕ್ಕೆ. ಊರು ಕಾಯುವ ನೆಅಕ್ ತಾ ಎಂಬ ಆತ್ಮಗಳನ್ನು ಒಲಿಸಿಕೊಳ್ಳಲು. ಆ ಆತ್ಮಗಳಿಗೆ ಆಟ ಮೆಚ್ಚುಗೆಯಾಗದಿದ್ದರೆ ಕುಣಿತ ನಿಲ್ಲುತ್ತದೆ, ವಾದ್ಯ ನುಡಿಯುತ್ತಲೇ ಇರುತ್ತದೆ, ನೋಡುವವರು ಮೌನವಾಗುತ್ತಾರೆ. ಟಿಕೆಟ್ಟಿನ ರಂಗಮಂದಿರದಲ್ಲಿ ಹಾಗೆ ಕುಣಿತ ನಿಂತರೆ ಏನೋ ಕೆಟ್ಟಿತೆಂದು ಪರದೆ ಎಳೆದುಬಿಡುತ್ತಾರೆ.