ಮನೆಯ ಕ್ಯಾಮೆರಾ ಮನೆಯವರಿಗಷ್ಟೇ ಕಾಣಲಿ

ಹೊರಗಿಂದ ಮನೆಯ ಕ್ಯಾಮೆರಾದ ಚಿತ್ರ ಕಾಣ್ತಿಲ್ಲ ಅಂದ ಕೂಡಲೇ ರೂಟರ್‌ನಲ್ಲಿ ಪೋರ್ಟ್, ಅಂದರೆ ಇಂಟರ್ನೆಟ್‌ನಿಂದ ಮನೆಯ ಯಂತ್ರಕ್ಕೆ ಬರೋ ಬಾಗಿಲು, ಓಪನ್ ಮಾಡಿಬಿಡೋದನ್ನು ನಮ್ಮ ಬಾಗಲಕೋಟೆಯಲ್ಲಿ ಸುಮಾರು ಮನೆಗಳಲ್ಲಿ ನೋಡಿದ್ದೇನೆ. ದಯವಿಟ್ಟು ಇದನ್ನು ಬಿಡಿ.

ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ಇರ್ತಾರೆ, ವಯಸ್ಸಾದ ಅಪ್ಪ ಅವ್ವ ನವನಗರದ ಮನೆಯಲ್ಲಿ. ಆಗಾಗ ನೋಡಬೇಕು ಅನಿಸೋದು ಸಹಜ ಅಲ್ವಾ? ಹಳೆ ಲ್ಯಾಪ್‌ಟಾಪ್, ಒಂದು ಯುಎಸ್‌ಬಿ ವೆಬ್‌ಕ್ಯಾಮ್, ಲಿನಕ್ಸ್ ಮೇಲೆ ಕ್ಯಾಮೆರಾದ ಚಿತ್ರವನ್ನು ಬ್ರೌಸರ್‌ನಲ್ಲಿ ತೋರಿಸೋ ಮೋಷನ್ ತಂತ್ರಾಂಶ ಇದ್ದರೆ ಕೆಲಸ ಆಗುತ್ತದೆ.

ನಮ್ಮ ಓಣಿಯ ಕಾಕಾ ಅವರ ಮನೆಯಲ್ಲಿ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ 8081 ಪೋರ್ಟಿಗೆ ಹೋದರೆ ಚಿತ್ರ ಬರ್ತಿತ್ತು, ಅದೇ ವೈಫೈ ಮೇಲಿದ್ದ ಫೋನ್‌ನಲ್ಲಿ ಬರ್ತಿರಲಿಲ್ಲ. "ಕ್ಯಾಮೆರಾನ ಕೆಟ್ಟೈತಿ ತಮ್ಮಾ, ಹೊಸಾದು ತರ್ತೀನಿ" ಅಂದರು. ಕೆಟ್ಟಿರಲಿಲ್ಲ. ಮೋಷನ್‌ನ ಸೆಟ್ಟಿಂಗ್ ಫೈಲಿನಲ್ಲಿ 'ಸ್ಟ್ರೀಮ್ ಲೋಕಲ್‌ಹೋಸ್ಟ್' ಅನ್ನೋದು ಆನ್ ಇತ್ತು. ಅದು ಆನ್ ಇರೋ ತನಕ ಆ ಲ್ಯಾಪ್‌ಟಾಪ್ ಬಿಟ್ಟು ಬೇರೆಲ್ಲೂ ಚಿತ್ರ ಬರಲ್ಲ. ಆಫ್ ಮಾಡಿ, ಆದರೆ ಅದಕ್ಕೂ ಮುಂಚೆ ಅದೇ ಫೈಲಿನಲ್ಲಿ 'ಸ್ಟ್ರೀಮ್ ಆಥ್ ಮೆಥಡ್' ನೋಡಿ. 0 ಇದ್ದರೆ ಪಾಸ್‌ವರ್ಡೇ ಕೇಳಲ್ಲ. 2 ಮಾಡಿ, ಹೆಸರು ಪಾಸ್‌ವರ್ಡ್ ಕೊಡಿ.

ಇಷ್ಟಾದರೂ ಪುಣೆಯ ಮಗನಿಗೆ ಕಾಣಲಿಲ್ಲ. ರಿಪೇರಿಯವರು ಬಂದು ಪೋರ್ಟ್ ಓಪನ್ ಮಾಡಿ, ಪಾಸ್‌ವರ್ಡ್ ಕೂಡ ತೆಗೆದುಹಾಕಿ ಹೋಗಿದ್ದರು. ಆದರೂ ಇಲ್ಲ. ರೂಟರ್ ಪುಟದಲ್ಲಿ ವ್ಯಾನ್ ಐಪಿ (ಇಂಟರ್ನೆಟ್ ಕಂಪನಿ ರೂಟರ್‌ಗೆ ಕೊಟ್ಟ ವಿಳಾಸ) ನೋಡಿದರೆ ಕಾರಣ ಅಲ್ಲೇ ಇತ್ತು. ಅದು 100.64ರಿಂದ 100.127ರ ಒಳಗೆ ಶುರುವಾದರೆ ನಿಮ್ಮದು ಸಿಜಿನ್ಯಾಟ್, ಅಂದರೆ ಒಂದೇ ಹೊರಗಿನ ವಿಳಾಸವನ್ನು ಹಲವು ಮನೆಗಳಿಗೆ ಹಂಚಿರ್ತಾರೆ, ಎಷ್ಟು ಪೋರ್ಟ್ ಓಪನ್ ಮಾಡಿದರೂ ಹೊರಗಿನವರು ಒಳಗೆ ಬರಲಾರರು. ಸಿಜಿನ್ಯಾಟ್ ಇಲ್ಲದ ಮನೆಯಲ್ಲಿ ಹೀಗೆ ಮಾಡಿದ್ದರೆ ಕಾಕೂ ಅಡುಗೆ ಮಾಡೋದು, ಮಲಗೋದು ಎಲ್ಲ ಜಗತ್ತಿಗೇ ಕಾಣ್ತಿತ್ತು. ನನಗೆ ಸಿಟ್ಟು ಬರೋದು ಇದಕ್ಕೇ.

ನಮ್ಮ ಮನೆಯದನ್ನು ಯಾರು ಹುಡುಕಿಕೊಂಡು ಬರ್ತಾರೆ ಅಂತೀರಾ? ಮನುಷ್ಯರು ಹುಡುಕಬೇಕಿಲ್ಲ. ತೆರೆದ ಪೋರ್ಟುಗಳನ್ನು ಹುಡುಕೋ ಪ್ರೋಗ್ರಾಂಗಳು ಹಗಲೂ ರಾತ್ರಿ ಓಡ್ತಿರ್ತವೆ, ಸಿಕ್ಕಿದ್ದನ್ನು ಶೋಡಾನ್‌ನಂಥ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ (ಹಾನಿ ಮಾಡೋ ಪ್ರೋಗ್ರಾಂ), ಯಂತ್ರ ತಯಾರಿಸಿದ ಕಂಪನಿಯವರೇ ಇಟ್ಟ 60ರಷ್ಟು ಹೆಸರು-ಪಾಸ್‌ವರ್ಡ್ ಜೋಡಿಗಳನ್ನೇ ಹಾಕಿ ನೋಡಿ ಲಕ್ಷಾಂತರ ಕ್ಯಾಮೆರಾ, ಡಿವಿಆರ್, ರೂಟರ್‌ಗಳ ಒಳಗೆ ಹೊಕ್ಕಿತ್ತು. ಆ ವರ್ಷ ಅಕ್ಟೋಬರ್ 21ರಂದು ಅಂಥ ಯಂತ್ರಗಳಿಂದಲೇ, ತಾಣದ ಹೆಸರಿಗೆ ಅದರ ಐಪಿ ವಿಳಾಸ ಹುಡುಕಿಕೊಡೋ ಡೈನ್ ಕಂಪನಿಯ ಮೇಲೆ ದಾಳಿ ನಡೆದು ಟ್ವಿಟರ್, ನೆಟ್‌ಫ್ಲಿಕ್ಸ್ ಕೂಡ ಹಲವರಿಗೆ ಸಿಗಲಿಲ್ಲ.

ನಾನು ಕಾಕಾ ಅವರಿಗೆ ಟೇಲ್‌ಸ್ಕೇಲ್ ಅನ್ನೋ ತಂತ್ರಾಂಶ ಹಾಕಿಕೊಟ್ಟೆ. ಲ್ಯಾಪ್‌ಟಾಪ್, ಮಗನ ಫೋನ್ ಎರಡರಲ್ಲೂ ಒಂದೇ ಖಾತೆ, ಮನೆಯವರಷ್ಟೇ ಇರೋ ಖಾಸಗಿ ನೆಟ್‌ವರ್ಕ್. ಸಿಜಿನ್ಯಾಟ್ ಇದ್ದರೂ ನಡೆಯುತ್ತದೆ, ಪೋರ್ಟ್ ಓಪನ್ ಮಾಡೋ ಮಾತೇ ಇಲ್ಲ. ರೂಟರ್‌ನಲ್ಲಿ ಹಳೆ ಪೋರ್ಟ್ ಅಳಿಸಿ, ಯಂತ್ರಗಳು ತಾವಾಗೇ ಪೋರ್ಟ್ ಓಪನ್ ಮಾಡಿಕೊಳ್ಳೋಕೆ ಬಿಡೋ ಯುಪಿಎನ್‌ಪಿ ಆಫ್ ಮಾಡಿದೆ, ಅಡುಗೆಮನೆ ಕಡೆ ತಿರುಗಿದ್ದ ಕ್ಯಾಮೆರಾವನ್ನು ಪಡಸಾಲೆ ಬಾಗಿಲಿಗೆ ತಿರುಗಿಸಿದೆ.

ಅಂಗಡಿಯವರೇ, ಕ್ಯಾಮೆರಾ ಹಾಕಿಕೊಟ್ಟ ಮೇಲೆ ಪಾಸ್‌ವರ್ಡನ್ನು ಮನೆಯವರೇ ಬದಲಾಯಿಸೋ ಹಾಗೆ ಮಾಡಿ. ಎಲ್ಲಾದರೂ ತೊಡಕಾದವರು ಕಮೆಂಟ್‌ನಲ್ಲಿ ಕೇಳಿ, ಬಿಡುವಾದಾಗ ಹೇಳ್ತೀನಿ. ಸ್ಕ್ರೀನ್‌ಶಾಟ್ ಹಾಕೋವಾಗ ಮಾತ್ರ ಐಪಿ ವಿಳಾಸ ಮುಚ್ಚಿ ಹಾಕಿ.